ಹೆಸರು ಹೇಳದ ಹುಣ್ಣು

ಸೊಸೆಯ ನಡಿಗೆ ಸರಿಯಿಲ್ಲ ಎನ್ನುವುದು ಕೊಟ್ರಮ್ಮನ ಕಣ್ಣಿಗೆ ಬಿದ್ದದ್ದು ರೊಟ್ಟಿ ಬಡಿಯುವಾಗ. ತ್ರಿವೇಣಿ ಹಿತ್ತಲಿನ ನಲ್ಲಿಯಿಂದ ಬಿಂದಿಗೆ ತರುತ್ತಿದ್ದಳು. ಕಾಲು ಅಗಲಿಸಿ, ತುಟಿ ಕಚ್ಚಿಕೊಂಡು, ಒಂದೊಂದು ಹೆಜ್ಜೆಗೂ ನಿಂತು ನಿಂತು ಬರುತ್ತಿದ್ದಳು. ಅವಳಿಗೆ ಆಗ ಮೂರು ತಿಂಗಳು.

"ಏನೇ, ಎಲ್ಲಾರ ಜಾರಿ ಬಿದ್ಯಾ?"

"ಇಲ್ಲ ಅತ್ತೆ. ಜ್ವರ ಬಂದೈತೆ."

"ಜ್ವರ ಬಂದೋರು ಹಿಂಗೆ ನಡೀತಾರೇನೆ?"

ತ್ರಿವೇಣಿ ಬಿಂದಿಗೆ ಇಳಿಸಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. "ನೀರಿಗೆ ಹೋದ್ರೆ ಬೆಂಕಿ ಇಟ್ಟಂಗಾಗುತ್ತೆ ಅತ್ತೆ. ಗುಳ್ಳೆ ಎದ್ದಾವೆ. ಎಲ್ಲಿ ಅಂತ ಹೇಳಾಕೂ ನಾಚಿಕೆ."

ಕೊಟ್ರಮ್ಮ ಕೈಯ ಹಿಟ್ಟು ಕೊಡವಿ ಎದ್ದಳು. ಚಳ್ಳಕೆರೆಯಲ್ಲಿ ಅವಳ ಗಂಡ ಮುರುಗೇಂದ್ರಪ್ಪನವರ ಎಣ್ಣೆ ಮಿಲ್ಲು ಯಾರಿಗೂ ಗೊತ್ತಿಲ್ಲದ್ದಲ್ಲ. ಆ ಮನೆಗೆ ಕೊಟ್ರಮ್ಮ ಸೊಸೆಯಾಗಿ ಬಂದ ಮೇಲೆ ಒಲೆಯ ಮೇಲೆ ಕಾದ ಹಂಚು ಬಿಟ್ಟು ಎದ್ದದ್ದು ಕಡಿಮೆ. ಅವತ್ತು ಎದ್ದಳು. ಮಗಳು ಶಿಲ್ಪಾಳನ್ನು ಕೂಗಿ ಒಲೆ ಒಪ್ಪಿಸಿ, ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಲೇಡಿ ಡಾಕ್ಟರ ಹತ್ತಿರ ಹೋದಳು. ಗಂಡನಿಗೆ ಹೇಳಿದ್ದು, "ಬಸುರಿ ಹೆಂಗಸು, ಸುಸ್ತು" ಎಂದಷ್ಟೆ.

ಡಾಕ್ಟರು ಪರದೆಯ ಹಿಂದೆ ಬಹಳ ಹೊತ್ತು ನೋಡಿದರು. ಹೊರಗೆ ಬಂದು ಕೈ ತೊಳೆದು ಇಬ್ಬರನ್ನೂ ಕೂರಿಸಿದರು.

"ಇದಕ್ಕೆ ಹರ್ಪಿಸ್ ಅಂತಾರಮ್ಮ. ವೈರಸ್ಸಿನಿಂದ ಬರೋದು. ಮಕ್ಕಳಿಗೆ ಅಮ್ಮ ಆಗುತ್ತಲ್ಲ, ದೊಡ್ಡವರಿಗೆ ಸರ್ಪಸುತ್ತು ಆಗುತ್ತಲ್ಲ, ಜ್ವರ ಬಿಟ್ಟಾಗ ತುಟಿ ಮೇಲೆ ಗುಳ್ಳೆ ಏಳುತ್ತಲ್ಲ, ಇವೆಲ್ಲ ಒಂದೇ ವಂಶದ ವೈರಸ್ಸುಗಳು, ದಾಯಾದಿಗಳಿದ್ದ ಹಾಗೆ. ಒಂದು ಸಲ ಮೈಯೊಳಗೆ ಹೊಕ್ಕರೆ ಪೂರ್ತಿ ಹೋಗಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ಮೈ ಸೋತಾಗ ಮತ್ತೆ ಏಳುತ್ತೆ. ಮಾತ್ರೆ ತಗೊಂಡ್ರೆ ನೋವು ಇಳಿಯುತ್ತೆ, ಬೇಗ ಮಾಯುತ್ತೆ."

"ಇದು ಆ ಗೋಡೆ ಮೇಲೆಲ್ಲ ಬರ್ದಿರ್ತಾರಲ್ಲ, ಆ ಕಾಯ್ಲೆನೇನ್ರಿ?" ಕೊಟ್ರಮ್ಮ ಕೇಳಿದಳು.

"ಏಡ್ಸ್ ಅಲ್ಲ. ಆ ಪರೀಕ್ಷೆನೂ ಮಾಡ್ಸೋಣ, ಆದರೆ ಇದು ಅದಲ್ಲ. ತಟ್ಟೆಯಿಂದ, ಬಟ್ಟೆಯಿಂದ ಬರೋದಲ್ಲ. ಈ ಜಾಗದಲ್ಲಿ ಆಗೋದು ಗಂಡ ಹೆಂಡತಿ ಕೂಡೋದರಿಂದ. ನಿಮ್ಮ ಮಗನನ್ನ ಕಳಿಸಿ, ನೋಡಬೇಕು. ಇನ್ನೊಂದು ಮಾತು, ಮರೀಬೇಡಿ. ಹೆರಿಗೆ ನೋವು ಬಂದಾಗ ಹುಣ್ಣು ಎದ್ದಿದ್ದರೆ ಅಲ್ಲಿರೋ ಡಾಕ್ಟರಿಗೆ ಮೊದಲು ಹೇಳಬೇಕು. ಮಗು ಆ ದಾರೀಲಿ ಬಂದ್ರೆ ಅದಕ್ಕೆ ತಗಲುತ್ತೆ. ಎಳೇ ಕೂಸಿನ ಮಿದುಳಿಗೆ, ಕಣ್ಣಿಗೆ ಹೊಡೆಯುತ್ತೆ, ಜೀವಾನೇ ಹೋಗಬಹುದು. ಆಪರೇಷನ್ ಮಾಡಿ ತೆಗೆದರೆ ಆ ಭಯ ಬಹಳ ಕಡಿಮೆ."

ಆಟೋದಲ್ಲಿ ಹೋಗುವಾಗ ಸೊಸೆಯ ಭುಜ ಹಿಡಿದುಕೊಂಡಿದ್ದ ಕೊಟ್ರಮ್ಮ ಬರುವಾಗ ಸೀಟಿನ ಆ ತುದಿಗೆ ಸರಿದು ಕೂತಿದ್ದಳು.

ಮಗ ಚಂದ್ರಶೇಖರ್ ಮಧ್ಯಾಹ್ನ ಊಟಕ್ಕೆ ಬಂದ. ಬಳ್ಳಾರಿ, ಆದೋನಿ ಕಡೆಯ ಶೇಂಗಾ ಖರೀದಿಯೆಲ್ಲ ಅವನದೇ. ಅರ್ಧ ತಿಂಗಳು ಲಾಡ್ಜಿನಲ್ಲೇ ಕಳೆಯುತ್ತಿದ್ದ. ಕೊಟ್ರಮ್ಮ ಮುದ್ದೆ ಇಟ್ಟು, ಸಾರು ಬಡಿಸಿ, ಎದುರಿಗೆ ಕೂತಳು.

"ಡಾಕ್ಟ್ರು ನಿನ್ನ ಬಾ ಅಂದಾರೆ."

"ನಾನ್ಯಾಕೆ?"

"ಆಕೆಗೆ ಬಂದಿರೋ ಕಾಯ್ಲೆ ಗಂಡಸಿನಿಂದ ಬರೋದಂತೆ."

ಚಂದ್ರು ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ಮತ್ತೆ ಮುರಿದ. "ನನಗೇನೂ ಇಲ್ಲವ್ವ. ನಾನು ಚೆನ್ನಾಗೇ ಇದೀನಿ. ಕೇಳೋದಿದ್ರೆ ಅವಳನ್ನೇ ಕೇಳು."

ತಾಯಿಗೆ ಅಷ್ಟು ಸಾಕಾಯಿತು. ಹೆತ್ತವಳು ಮಗನ ಮಾತು ಬಿಟ್ಟು ಯಾರ ಮಾತು ನಂಬಿಯಾಳು? ಅವತ್ತು ಸಂಜೆಯೇ ತ್ರಿವೇಣಿಯ ತಟ್ಟೆ ಲೋಟ ಅಡುಗೆಮನೆಯ ಗೂಡಿನಿಂದ ಇಳಿದು ಹಿತ್ತಲ ಕಟ್ಟೆಯ ಮೇಲೆ ಬಂದವು. ಬಟ್ಟೆ ಒಗೆಯುವ ಕಲ್ಲು ಅವಳಿಗೆ ಬೇರೆಯಾಯಿತು. ಹಾಸಿಗೆ ಕಾಳಿನ ಚೀಲ ಇಡುವ ಕೋಣೆಗೆ ಹೋಯಿತು.

"ತಟ್ಟೆಯಿಂದ ಬರಲ್ಲ ಅಂತ ಡಾಕ್ಟ್ರು ನಿಮ್ಮ ಮುಂದೇನೇ ಅಂದ್ರಲ್ಲ ಅತ್ತೆ," ಎಂದಳು ತ್ರಿವೇಣಿ.

"ಡಾಕ್ಟ್ರು ಇನ್ನೂ ಏನೇನೋ ಅಂದ್ರು. ಬಾಯಿ ಬಿಡಿಸ್ಬೇಡ."

"ನಾನು ಮೊಳಕಾಲ್ಮೂರಲ್ಲಿ ನಮ್ಮಪ್ಪನ ಕಣ್ಮುಂದೆ ಬೆಳೆದೋಳು. ಇಲ್ಲಿ ನಿಮ್ಮ ಕಣ್ಮುಂದೆ ಇರೋಳು. ನಾನೆಲ್ಲಿಂದ ತರ್ಲಿ ಇದನ್ನ?"

"ಅದನ್ನ ನೀನೇ ಹೇಳ್ಬೇಕು."

ತ್ರಿವೇಣಿ ಆಮೇಲೆ ಆ ಮಾತು ಎತ್ತಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದಳು, ಶೇಂಗಾ ಸುಲಿಯುತ್ತಿದ್ದಳು, ಎಲ್ಲರದೂ ಆದ ಮೇಲೆ ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದಳು. ಚಂದ್ರು ಹೆಂಡತಿಯ ಕಡೆ ನೋಡುವುದನ್ನು ಬಿಟ್ಟ. ಮುರುಗೇಂದ್ರಪ್ಪನವರು ಒಂದು ದಿನ, "ಆ ಹುಡುಗಿ ಯಾಕೆ ಹೊರಗೆ ಉಣ್ತಾಳೆ?" ಎಂದರು. "ಬಯಕೆ ಸಂಕಟ, ಒಗ್ಗರಣೆ ವಾಸನೆ ಆಗಲ್ಲಂತೆ" ಎಂದು ಕೊಟ್ರಮ್ಮ ಹೇಳಿದಳು. ಅವರು ತಲೆ ಆಡಿಸಿ ಮಿಲ್ಲಿಗೆ ಹೋದರು.

ಶಿಲ್ಪಾ ಹಾಗೆ ಒಪ್ಪುವವಳಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ದಾವಣಗೆರೆಯ ಕಡೆಯಿಂದ ಒಂದು ಸಂಬಂಧ ಮಾತಿನಲ್ಲಿತ್ತು.

"ಅವ್ವ, ಅತ್ತಿಗೆಗೆ ಏನಾಗೈತೆ? ನಾಯಿಗೆ ಹಾಕ್ದಂಗೆ ಹಾಕ್ತೀಯಲ್ಲ."

"ನಿನಗ್ಯಾಕೆ? ನಿನ್ನ ಮದುವೆ ಸುಸೂತ್ರ ಆಗ್ಲಿ ಅಂತಾನೇ ನಾನು ಬಾಯಿ ಮುಚ್ಕೊಂಡಿರೋದು."

"ನನ್ನ ಮದುವೆಗೂ ಅತ್ತಿಗೆ ತಟ್ಟೆಗೂ ಏನು ಸಂಬಂಧ?"

"ಐತೆ. ಹೋಗಿ ಹಿಂಡಿ ಚೀಲ ಎಷ್ಟು ಬಂದಾವೆ ನೋಡ್ಹೋಗು."

ದಾವಣಗೆರೆಯವರು ಬಂದ ದಿನ ತ್ರಿವೇಣಿಯನ್ನು ಬಚ್ಚಿಡುವ ಹಾಗಿರಲಿಲ್ಲ. ಹೊಸ ಸೀರೆ ಉಡಿಸಿ, ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಅವಳ ಕೈಗೇ ಕೊಟ್ಟು ಪಡಸಾಲೆಗೆ ಕಳಿಸಿದಳು ಕೊಟ್ರಮ್ಮ. ಹುಡುಗನ ತಾಯಿ, "ನಿಮ್ಮ ಸೊಸೆ ಭಾಳ ಸೌಮ್ಯ, ಕೊಟ್ರಮ್ಮಾರೆ. ಹಿಂಗಿರ್ಬೇಕು ಮನೆ" ಎಂದರು. ಕೊಟ್ರಮ್ಮ ನಕ್ಕಳು. ಅವರು ಹೋದ ಮೇಲೆ ಅದೇ ಸೊಸೆಗೆ ಹಿತ್ತಲಲ್ಲಿ ಬೇರೆ ಬಡಿಸಿದಳು.

ಹೀಗೇ ವಾರಗಳು ಕಳೆದವು. ಏಡ್ಸ್ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಸೊಸೆಯ ಗುಳ್ಳೆ ಮಾಯ್ದವು. ಹೊಟ್ಟೆ ಕಾಣತೊಡಗಿತು.

ಆಮೇಲೊಂದು ದಿನ ಚಂದ್ರು ಆದೋನಿಯಿಂದ ಬಂದ. ಬಿಸಿಲಲ್ಲಿ ತಿರುಗಿ ಮೈ ಕೆಂಡವಾಗಿತ್ತು. ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿದು, ಕಾಲು ಅಗಲಿಸಿ, ತುಟಿ ಕಚ್ಚಿಕೊಂಡು ಬಂದ. ಕೊಟ್ರಮ್ಮ ಅಕ್ಕಿ ಆರಿಸುತ್ತಿದ್ದಳು. ಆ ನಡಿಗೆ ಅವಳಿಗೆ ಗೊತ್ತಿತ್ತು.

ಮೊರ ಕೆಳಗಿಟ್ಟಳು. "ಚಂದ್ರು, ಇಲ್ಲಿ ಬಾ."

"ಸುಸ್ತಾಗೈತೆ, ಮಲಗ್ತೀನವ್ವ."

"ಬಾ ಅಂದೆ."

ಅವನು ಬಂದು ನಿಂತ. ಕೂರಲಿಲ್ಲ, ಕೂರಲಾಗಲಿಲ್ಲ.

"ಎಂದಿಂದ ಐತೆ?"

ಚಂದ್ರು ಗೋಡೆಯ ಕಡೆ ತಿರುಗಿದ. "ಮದುವೆಗಿಂತ ಮುಂಚೆ. ಬಳ್ಳಾರೀಲಿ... ಒಂದ್ಸಲ ಗೆಳೆಯರ ಜೊತೆ ಹೋಗಿದ್ದೆ. ಆಮೇಲೆ ಗುಳ್ಳೆ ಎದ್ದಿದ್ವು. ಡಾಕ್ಟ್ರು ಮಾತ್ರೆ ಕೊಟ್ರು. ವಾಸಿ ಆಯ್ತು ಅಂದ್ಕೊಂಡೆ."

"ಮತ್ತೆ ಎದ್ದಿರ್ಲಿಲ್ಲೇನು?"

"ಎದ್ದಿದ್ವು. ಹೋಗಿದ್ವು."

"ಆಕೆಗೆ ಹೇಳ್ದಾ?"

"ಹೆಂಗೆ ಹೇಳ್ಲಿ? ಏನಂತ ಹೇಳ್ಲಿ?"

"ನನಗೆ ಹೇಳ್ದಂಗೆ ಹೇಳೋದಪ್ಪ. ಅವಳನ್ನೇ ಕೇಳು ಅಂದ್ಯಲ್ಲ, ಆ ಬಾಯಲ್ಲೇ!"

"ಅಪ್ಪಗೆ ಹೇಳ್ಬೇಡವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಕೊಟ್ರಮ್ಮ ಮತ್ತೆ ಮೊರ ತೆಗೆದುಕೊಂಡಳು. ಕಲ್ಲು ಯಾವುದು ಅಕ್ಕಿ ಯಾವುದು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಆರಿಸಿದಳು.

ಅವತ್ತು ಊಟದ ಹೊತ್ತಿಗೆ ಸೊಸೆಯ ತಟ್ಟೆಯನ್ನು ತಾನೇ ತೊಳೆದು ತಂದು ಎಲ್ಲರ ತಟ್ಟೆಗಳ ನಡುವೆ ಇಟ್ಟಳು. "ಒಳಗೇ ಕೂತ್ಕೊಂಡು ಉಣ್ಣು" ಎಂದಳು.

ತ್ರಿವೇಣಿ ಅತ್ತೆಯ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೊರಟಳು. "ಇರ್ಲಿ ಬಿಡ್ರಿ ಅತ್ತೆ. ನನಗೆ ಇದೇ ರೂಢಿ ಆಗೈತೆ."

ಏಳನೆಯ ತಿಂಗಳಿಗೆ ತ್ರಿವೇಣಿಯ ತಾಯಿ ಸುಲೋಚನಮ್ಮ ಮೊಳಕಾಲ್ಮೂರಿನಿಂದ ಸೀರೆ ಕುಪ್ಪಸ, ಶೇಂಗಾ ಹೋಳಿಗೆ ಎಲ್ಲ ಹೊತ್ತು ಮಗಳನ್ನು ಕರೆದೊಯ್ಯಲು ಬಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದು ಎಲ್ಲರ ಮನೆಯ ಪದ್ಧತಿ. ಕೊಟ್ರಮ್ಮ ಮಾತ್ರ, "ಇಲ್ಲೇ ಆಗ್ಲಿ. ಇಲ್ಲಿ ಒಳ್ಳೇ ಡಾಕ್ಟ್ರು ಅದಾರೆ" ಎಂದು ಹಟ ಹಿಡಿದಳು.

"ಇದೇನು ಕೊಟ್ರಮ್ಮಾರೆ, ಊರಲ್ಲಿಲ್ಲದ ಪದ್ಧತಿ? ತವರಿಗೆ ಕಳಿಸದಂಥ ತಪ್ಪು ನನ್ನ ಮಗಳು ಏನು ಮಾಡ್ಯಾಳೆ?"

"ತಪ್ಪು ಅಂತ ಯಾರಂದ್ರು?"

"ಮತ್ತೆ ಕಡ್ಡಿ ಆಗ್ಯಾಳಲ್ಲ! ಬಸುರಿ ಹೆಂಗಸು ಹಿಂಗಿರ್ತಾಳಾ? ಉಣ್ಣಾಕೆ ಹಾಕ್ತೀರೋ ಇಲ್ಲೋ?"

ಮುರುಗೇಂದ್ರಪ್ಪನವರು ಕೋಣೆಯಿಂದ ಹೊರಬಂದು, "ಏನಿದು ಗಲಾಟೆ? ಕಳಿಸಿಕೊಡು. ಪದ್ಧತಿ ಪದ್ಧತಿನೇ" ಎಂದುಬಿಟ್ಟರು.

ಯಜಮಾನರ ಮಾತಿನ ಮೇಲೆ ಮಾತಿಲ್ಲ. ಬಟ್ಟೆ ಕಟ್ಟುವ ನೆಪದಲ್ಲಿ ಕೊಟ್ರಮ್ಮ ಸೊಸೆಯ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ನೋಡು, ಶಿಲ್ಪಾನ ಲಗ್ನ ಗಟ್ಟಿಯಾಗೈತೆ. ಆಷಾಢ ಕಳೆದ ಮೇಲೆ ಮುಹೂರ್ತ. ಅಲ್ಲೀತನಕ ಈ ಮಾತು ಯಾರ ಕಿವಿಗೂ ಬೀಳ್ಬಾರ್ದು. ನಿಮ್ಮವ್ವಗೂ."

"ಡಾಕ್ಟ್ರು ಹೇಳಿದ್ದು ನೆನಪೈತಾ ಅತ್ತೆ? ನೋವು ಬಂದಾಗ ಹುಣ್ಣು ಎದ್ದಿದ್ರೆ?"

"ಏಳಲ್ಲ. ಮೂರು ತಿಂಗಳಿಂದ ಎದ್ದಿಲ್ಲ. ಲಿಂಗದ ಮೇಲೆ ಕೈ ಇಟ್ಟು ಆಣೆ ಮಾಡು."

ಹೊರಗೆ ಸುಲೋಚನಮ್ಮ ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. ಆಣೆ ಮಾಡದೆ ಈ ಬಾಗಿಲು ತೆರೆಯುವುದಿಲ್ಲ ಎಂದು ತ್ರಿವೇಣಿಗೆ ಗೊತ್ತಾಯಿತು. ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟಳು. "ಹೇಳಲ್ಲ. ನಿಮ್ಮ ಮಗನ ಸಲುವಾಗಿ ಅಲ್ಲ, ಶಿಲ್ಪಾನ ಸಲುವಾಗಿ."

ಸೊಸೆ ಹೋದ ಮೇಲೆ ಮನೆಯ ಕೆಲಸವೆಲ್ಲ ಕೊಟ್ರಮ್ಮನ ಮೈಮೇಲೆ ಬಿತ್ತು. ಫೋನು ರಿಂಗಾದಾಗಲೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದಳು. ತಾನೇ ಫೋನು ಮಾಡಿ, ಬೀಗರು ಪಕ್ಕದಲ್ಲಿರುತ್ತಾರೆಂದು ಸೊಸೆಗೆ, "ಎಲ್ಲ ಸರಿ ಐತಾ?" ಎಂದಷ್ಟೇ ಕೇಳುತ್ತಿದ್ದಳು. "ಐತೆ ಅತ್ತೆ" ಎಂದು ಆ ಕಡೆಯಿಂದ ಬರುತ್ತಿತ್ತು.

ದಿನ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ತ್ರಿವೇಣಿಯ ತಂದೆ ಜಯದೇವಪ್ಪನವರ ಫೋನು ಬಂತು. ನೋವು ಶುರುವಾಗಿದೆ, ಇಲ್ಲಿನ ಆಸ್ಪತ್ರೆಗೆ ಸೇರಿಸಿದ್ದೇವೆ, ಎಲ್ಲ ಸಲೀಸಾಗಿ ಆಗುತ್ತದಂತೆ. ಚಂದ್ರು ರಾಯಚೂರಿನಲ್ಲಿದ್ದ. ಕೊಟ್ರಮ್ಮ ಉಟ್ಟ ಸೀರೆಯಲ್ಲೇ ಗಂಡನ ಜೊತೆ ಜೀಪು ಹತ್ತಿದಳು. ತಳಕು ದಾಟಿದ ಮೇಲೆ ಮುರುಗೇಂದ್ರಪ್ಪನವರು, "ಹೆರಿಗೆ ಅಂದ್ರೆ ಇಷ್ಟ್ಯಾಕೆ ಬೆವರ್ತೀಯಾ? ನೀನೂ ಎರಡು ಹೆತ್ತೋಳು" ಎಂದರು. ಅವಳು ಕಿಟಕಿಯ ಹೊರಗೆ ನೋಡಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಸುಲೋಚನಮ್ಮ, ಜಯದೇವಪ್ಪ ಬೆಂಚಿನ ಮೇಲೆ ಕೂತಿದ್ದರು. ಆಯಾ ಒಳಗಿನಿಂದ ಬಂದು, "ಅತ್ತಗಾರು ಒಚ್ಚಾರಾ? ಅತ್ತೆ ಬಂದ್ರಾ? ನಿಮ್ಮನ್ನೇ ಕರೀತಾಳೆ ಹುಡುಗಿ. ಡಾಕ್ಟ್ರಮ್ಮ ಇನ್ನೊಂದು ಹೆರಿಗೆ ನೋಡ್ತಾ ಅದಾರೆ, ಈಗ ಬರ್ತಾರೆ" ಎಂದಳು.

ತ್ರಿವೇಣಿ ಮಂಚದ ಕಂಬಿ ಹಿಡಿದು ನರಳುತ್ತಿದ್ದಳು. ಅತ್ತೆಯನ್ನು ಕಂಡು ಅವಳ ಕೈ ಹಿಡಿದು ಹತ್ತಿರ ಎಳೆದಳು.

"ಎದ್ದಾವೆ ಅತ್ತೆ. ನಿನ್ನೆಯಿಂದ. ಉರೀತೈತೆ."

"ಡಾಕ್ಟ್ರಿಗೆ ಹೇಳ್ದಾ?"

"ಹೊಟ್ಟೆ ಮುಟ್ಟಿ ನೋಡಿದ್ರು ಅಷ್ಟೇ, ಕೆಳಗೆ ಇನ್ನೂ ನೋಡಿಲ್ಲ. ಹೇಳ್ಬೇಕು ಅಂತ ಬಾಯಿ ತೆರೆದೆ. ಅವ್ವ ಪಕ್ಕದಲ್ಲೇ ನಿಂತಿದ್ಲು. ನೀವು ಆಣೆ ತಗೊಂಡಿದ್ರಿ." ನೋವು ಮತ್ತೆ ಒತ್ತರಿಸಿ ಬಂತು. ಅದು ಇಳಿದ ಮೇಲೆ ಅಂದಳು, "ಆಣೆ ಮುರೀಬೇಕಂದ್ರೆ ಈಗ ನಾನು ಮುರೀತೀನಿ. ಆದ್ರೆ ನಾನು ಹೇಳಿದ್ರೆ ಎಲ್ರೂ ನನ್ನನ್ನೇ ಅಂತಾರೆ. ನೀವೂ ಅಂದ್ರಲ್ಲ."

ಕೊಟ್ರಮ್ಮ ಹೊರಗೆ ಬಂದಳು. ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಪಡಸಾಲೆಯಲ್ಲಿ ಮುರುಗೇಂದ್ರಪ್ಪನವರ ಜೊತೆ ಮಾತಾಡುತ್ತ ನಿಂತಿದ್ದರು. "ಹೆದರಬೇಡಿ, ನಾರ್ಮಲ್ ಆಗುತ್ತೆ" ಎನ್ನುತ್ತಿದ್ದರು. ಬೀಗರಿಬ್ಬರೂ ಎದ್ದು ಬಂದಿದ್ದರು. ಡಾಕ್ಟರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆಯೋಣವೆಂದು ಕೊಟ್ರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಸೊಸೆಯ ಕೂಗು ಕೇಳಿ, ಎಲ್ಲರ ಮುಂದೆಯೇ ಅಂದುಬಿಟ್ಟಳು.

"ಡಾಕ್ಟ್ರೇ, ನಾರ್ಮಲ್ ಬ್ಯಾಡ್ರಿ. ನನ್ನ ಸೊಸೆಗೆ ಹರ್ಪಿಸ್ ಐತೆ. ಈಗ ಹುಣ್ಣು ಎದ್ದಾವೆ. ಹೊಟ್ಟೆ ಕೊಯ್ದೇ ಮಗು ತೆಗೀಬೇಕು ಅಂತ ನಮ್ಮೂರ ಡಾಕ್ಟ್ರು ಹೇಳ್ಯಾರೆ."

"ಮೊದಲೇ ಯಾಕೆ ಹೇಳಲಿಲ್ಲ?" ಡಾಕ್ಟರು ಒಳಗೆ ಓಡಿದರು.

ಸುಲೋಚನಮ್ಮ ಬೀಗಿತ್ತಿಯ ತೋಳು ಹಿಡಿದರು. "ಏನು ಐತೆ ಅಂದ್ರಿ? ನನ್ನ ಮಗಳಿಗೆ ಏನು?"

"ಹೆಂಗಸರ ಜಾಗದಲ್ಲಿ ಹುಣ್ಣು. ಮೈ ಸಂಬಂಧದಿಂದ ಬರೋ ಕಾಯ್ಲೆ." ಕೊಟ್ರಮ್ಮ ಗಂಡನ ಕಡೆ ನೋಡಿದಳು. ಅವರು ಶಲ್ಯ ಸರಿಮಾಡಿಕೊಳ್ಳುತ್ತ ಅಲ್ಲೇ ನಿಂತಿದ್ದರು. "ನಿಮ್ಮ ಮಗಳದೇನೂ ತಪ್ಪಿಲ್ಲ. ನನ್ನ ಮಗನಿಂದ ಬಂದದ್ದು. ಅವನಿಗೆ ಮದುವೆಗಿಂತ ಮುಂಚೆನೇ ಇತ್ತು. ನನಗೂ ಆಮೇಲೆ ಗೊತ್ತಾಯ್ತು. ನಾನೇ ಬಾಯಿ ಕಟ್ಟಿ ಕಳಿಸಿದ್ದೆ."

ಡಾಕ್ಟರು ಹೊರಗೆ ಬಂದು, ಹುಣ್ಣು ನಿಜ, ಇಲ್ಲಿ ಆಪರೇಷನ್ ಅನುಕೂಲವಿಲ್ಲ, ಬಳ್ಳಾರಿಗೆ ಕರೆದೊಯ್ಯಿರಿ, ನೀರಿನ ಚೀಲ ಇನ್ನೂ ಒಡೆದಿಲ್ಲ, ಹೊತ್ತು ಮಾಡಬೇಡಿ ಎಂದರು. ಜೀಪಿನ ಹಿಂದಿನ ಸೀಟಿನಲ್ಲಿ ತ್ರಿವೇಣಿಯ ತಲೆ ತಾಯಿಯ ತೊಡೆಯ ಮೇಲೆ, ಕಾಲು ಅತ್ತೆಯ ತೊಡೆಯ ಮೇಲೆ. ಸುಲೋಚನಮ್ಮ ದಾರಿಯುದ್ದಕ್ಕೂ ಒಂದೇ ಮಾತು ಆಡಿದರು: "ಹಿತ್ತಲಲ್ಲಿ ಕೂರ್ಸಿ ಉಣ್ಣಾಕಿಕ್ಕಿದ್ರೇನು? ಬಂದ ದಿನ ನಮ್ಮನೇಲೂ ತಟ್ಟೆ ತಗೊಂಡು ಹಿತ್ತಲಿಗೇ ಹೋಗಿ ಕೂತಿದ್ಲು. ಯಾಕಂತ ಈಗ ಗೊತ್ತಾಯ್ತು."

ಮಧ್ಯಾಹ್ನ ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಹೆಣ್ಣು ಕೂಸು. ಡಾಕ್ಟರು ಕೆಲವು ದಿನ ಮಗುವಿನ ಕಣ್ಣು, ಮೈ ಎಲ್ಲ ನೋಡುತ್ತ ಇಟ್ಟುಕೊಂಡರು. ಒಂದು ಗುಳ್ಳೆಯೂ ಏಳಲಿಲ್ಲ. ಗಟ್ಟಿಯಾಗಿ ಅಳುತ್ತ ಮೊಳಕಾಲ್ಮೂರಿಗೆ ಹೋಯಿತು.

ಚಳ್ಳಕೆರೆಯ ಮನೆಯಲ್ಲಿ ಅಳುವವರೂ ಇರಲಿಲ್ಲ, ನಗುವವರೂ ಇರಲಿಲ್ಲ. ಮುರುಗೇಂದ್ರಪ್ಪನವರು ಮಗನನ್ನು ಖರೀದಿಗೆ ಕಳಿಸುವುದನ್ನು ನಿಲ್ಲಿಸಿದರು, ಮಾತನ್ನೂ ನಿಲ್ಲಿಸಿದರು. ಹೆಂಡತಿಗೆ ಒಂದೇ ಸಲ ಅಂದರು: "ಬೀಗರ ಮುಂದೆ ಹೇಳೋಕೆ ಮುಂಚೆ ನನ್ನ ಕಿವೀಲಿ ಹೇಳ್ಬೇಕಿತ್ತು."

"ಹೇಳಿದ್ರೆ ನೀವೇನು ಮಾಡ್ತಿದ್ರಿ?"

ಅವರು ಊಟ ಬಿಟ್ಟು ಎದ್ದರು.

ಮಾತು ಹೇಗೆ ದಾವಣಗೆರೆ ಮುಟ್ಟಿತೋ, ಅವರು ಮುಹೂರ್ತ ಮುಂದಕ್ಕೆ ಹಾಕೋಣ ಎಂದರು. ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು, ಅವರು ಬರಲಿಲ್ಲ. ಕೊಟ್ರಮ್ಮ ಮಗಳ ಮುಂದೆ ಕೂತು ಅತ್ತಳು. "ನಿನ್ನ ಬಾಳು ನಾನೇ ಕೆಡಿಸ್ದೆ ಕಣೇ."

ಶಿಲ್ಪಾ ರೊಟ್ಟಿ ತಿರುವಿ ಹಾಕುತ್ತ ಅಂದಳು, "ಬಿಡವ್ವ. ಬೇರೆಯವರು ಬರ್ತಾರೆ. ನಾನೇನು ಮುದುಕಿ ಆಗಿದೀನಾ? ಆದ್ರೆ ಒಂದು ಕೇಳ್ತೀನಿ. ಅಣ್ಣನಂಥೋನು ನನಗೆ ಸಿಕ್ಕಿದ್ರೆ, ನನ್ನ ಅತ್ತೆ ನನಗೆ ಹಿತ್ತಲಲ್ಲಿ ಬಡಿಸಿದ್ರೆ, ನೀನು ಸುಮ್ಮನಿರ್ತಿದ್ಯಾ?"

ಬಾಣಂತನ ಮುಗಿಯುತ್ತ ಬಂದಾಗ ಕೊಟ್ರಮ್ಮ ಒಬ್ಬಳೇ ಮೊಳಕಾಲ್ಮೂರಿಗೆ ಹೋದಳು. ಜಯದೇವಪ್ಪ ಬಾಗಿಲಲ್ಲಿ ಎದ್ದು ನಿಂತರೇ ಹೊರತು ಬನ್ನಿ ಎನ್ನಲಿಲ್ಲ. ತ್ರಿವೇಣಿ ಕೂಸಿಗೆ ಹಾಲು ಕೊಡುತ್ತಿದ್ದಳು.

"ಬಾರಮ್ಮ, ಮನೆಗೆ," ಎಂದಳು ಕೊಟ್ರಮ್ಮ. ಏಕವಚನದಲ್ಲೇ ಅಂದರೂ ಅವಳನ್ನು ಅಮ್ಮ ಎಂದದ್ದು ಅದೇ ಮೊದಲು.

"ಅಪ್ಪನೂ ಇಲ್ಲಿ ಎಷ್ಟು ದಿನ ಅಂತ ಕೇಳ್ತಾರೆ. ಅವ್ವ ಬ್ಯಾಡ ಅಂತಾಳೆ. ನಾನು ಎಲ್ಲಿದ್ರೂ ಈ ಕಾಯ್ಲೆ ಮೈಯಲ್ಲೇ ಇರುತ್ತೆ, ಅದು ಗೊತ್ತು. ಅದರ ಜೊತೆ ಬದುಕೋದು ಕಲಿತೀನಿ, ಡಾಕ್ಟ್ರು ಹೇಳಿಕೊಟ್ಟಾರೆ. ಆದ್ರೆ ಸುಳ್ಳಿನ ಜೊತೆ ಆಗಲ್ಲ ಅತ್ತೆ. ನೀವು ಹೇಳಿದ್ರಿ, ಸರಿ. ತಪ್ಪು ನಿಮ್ಮದಲ್ಲವಲ್ಲ. ಅವರು ಬರ್ಲಿ. ಇದು ನನ್ನಿಂದ ಆಯ್ತು ಅಂತ ನಮ್ಮಪ್ಪನ ಮುಂದೆ ಕೂತು ಹೇಳ್ಲಿ. ಅಷ್ಟೇ ಸಾಕು, ನಾನು ಬರ್ತೀನಿ."

ಕೊಟ್ರಮ್ಮ ಮನೆಗೆ ಬಂದು ಮಗನಿಗೆ ಹೇಳಿದಳು. ಅವನು ಆಗಲ್ಲ ಅಂದ, ಆಮೇಲೆ ನೋಡ್ತೀನಿ ಅಂದ, ಒಂದು ಸೋಮವಾರ ಆಯ್ತು ನಡಿ ಅಂದ. ಅವತ್ತು ಕೊಟ್ರಮ್ಮ ಕೂಸಿಗೆ ಬೆಳ್ಳಿ ಕಡಗ, ಬಾಣಂತಿಗೆ ಕೊಬ್ಬರಿ ಉಂಡೆ ಕಟ್ಟಿಕೊಂಡಳು. ಶಿಲ್ಪಾ ಅಣ್ಣನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಮುರುಗೇಂದ್ರಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲವಾದರೂ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಬಸ್ಸಿನಲ್ಲಿ ತಾಯಿ ಮಗ ಪಕ್ಕಪಕ್ಕ ಕೂತರು. "ಏನಂತ ಶುರು ಮಾಡ್ಲಿ?" ಎಂದು ಚಂದ್ರು ಕೇಳಿದ. "ಮಾವನೋರೆ ಅಂತ ಶುರು ಮಾಡು. ಮುಂದೆ ಬಾಯಿಗೆ ತಾನೇ ಬರುತ್ತೆ" ಎಂದಳು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಿತು. "ಟೀ ಕುಡಿದು ಬರ್ತೀನವ್ವ" ಎಂದು ಅವನು ಇಳಿದ.

ಜನ ಇಳಿದರು, ಹತ್ತಿದರು. ಟೀ ಅಂಗಡಿಯ ಮುಂದೆ ಚಂದ್ರು ಬಸ್ಸಿಗೆ ಬೆನ್ನು ತಿರುಗಿಸಿ ನಿಂತಿದ್ದ. ಕೈಯಲ್ಲಿ ಲೋಟ ಇರಲಿಲ್ಲ. ಎದುರಿನಿಂದ ಚಳ್ಳಕೆರೆ ಕಡೆ ಹೋಗುವ ಬಸ್ಸು ಬಂದು ನಿಂತಿತು. ಅವನು ಒಂದು ಸಲ ತಿರುಗಿ ತಾಯಿಯ ಕಿಟಕಿಯ ಕಡೆ ನೋಡಿದ. ಕೊಟ್ರಮ್ಮ ಕೈ ಎತ್ತಲಿಲ್ಲ, ಕರೆಯಲಿಲ್ಲ. ಅವನು ರಸ್ತೆ ದಾಟಿದ.

ಕಂಡಕ್ಟರು ಬಾಗಿಲ ಹತ್ತಿರ ನಿಂತು ಸೀಟುಗಳ ಮೇಲೆ ಕಣ್ಣಾಡಿಸಿದ. "ಅಮ್ಮಾರೆ, ನಿಮ್ಮ ಜೊತೆ ಒಬ್ರು ಇದ್ರಲ್ಲ, ಬರ್ತಾರಾ? ಕಾಯಬೇಕಾ?"

ಕೊಟ್ರಮ್ಮ ಗಂಟನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟಳು.

"ಬರಲ್ಲಪ್ಪ. ನೀನು ರೈಟ್ ಹೇಳು."